ಬರ್ನ್‌ನಲ್ಲಿ ಆರೆ ನದಿಗೆ ಇಳಿಯುವ ಮುನ್ನ

ಸ್ವಿಟ್ಜರ್ಲೆಂಡ್‌ನ ಆರೆ ಹುಟ್ಟುವುದು ಆಲ್ಪ್ಸ್ ಪರ್ವತದ ಗ್ರಿಮ್ಸೆಲ್ ಘಾಟಿಯ ಬಳಿಯ ಹಿಮನದಿಗಳಲ್ಲಿ. ಬಂಡೆಪುಡಿ ಹೊತ್ತ ನೀರು ಬ್ರಿಯೆಂಟ್ಸ್, ಥೂನ್ ಸರೋವರಗಳಲ್ಲಿ ಹೂಳು ಬಿಟ್ಟು, ತಿಳಿಹಸಿರಾಗಿ ಬರ್ನ್ ತಲುಪುತ್ತದೆ. ತಿಳಿಯಾಗಿದೆಯೆಂದು ಸೌಮ್ಯ ಎಂದುಕೊಳ್ಳಬೇಡಿ. ಹಿಮ ಕರಗುವ ಬೇಸಿಗೆಯಲ್ಲೇ ಸೆಳೆತ ಹೆಚ್ಚು, ನಡುಬೇಸಿಗೆಯಲ್ಲೂ ನೀರು ತಣ್ಣಗೆ.

ಈಜುವವರು ಮೇಲ್ಹರಿವಿನ ಐಕ್‌ಹೋಲ್ಟ್ಸ್ ಎಂಬ ನದಿದಡದ ಬಯಲಲ್ಲಿ ಇಳಿದು, ಹರಿವಿನೊಂದಿಗೆ ತೇಲಿ, ಮಾರ್ಟ್ಸಿಲಿ ಎಂಬ ಈಜುತಾಣದಲ್ಲಿ ದಡ ಹತ್ತುವುದು ರೂಢಿ, ಎರಡೂ ಎಡದಂಡೆಯಲ್ಲಿವೆ. ಮೊದಲು ದಡದಲ್ಲಿ ನಡೆದು, ಕೆಂಪು ಕಂಬಿಯ ಮೆಟ್ಟಿಲುಗಳು ಎಲ್ಲೆಲ್ಲಿವೆ ಎಂದು ನೋಡಿಕೊಳ್ಳಿ. ಮೈ ಒದ್ದೆ ಮಾಡಿಕೊಂಡು ನಿಧಾನವಾಗಿ ಇಳಿಯಿರಿ. ಒಮ್ಮೆಲೇ ಹಾರಿದರೆ ಚಳಿಗೆ ಉಸಿರು ಕಟ್ಟುತ್ತದೆ. ಒಬ್ಬರೇ ಹೋಗಬೇಡಿ. ಕಿವಿ ಮುಳುಗಿಸಿದರೆ ತಳದ ಜಲ್ಲಿ ಉರುಳುವ ಸದ್ದು ಕೇಳಿಸುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಹೆಚ್ಚಿನವರು ಎಡವುವುದು ಹತ್ತುವಾಗ. ಮೆಟ್ಟಿಲ ಎದುರಿಗೆ ಬಂದ ಮೇಲೆ ದಡದತ್ತ ತಿರುಗಿದರೆ ನೀರು ಮುಂದಕ್ಕೆ ಒಯ್ದಿರುತ್ತದೆ. ಬಹಳ ಮೊದಲೇ ದಡ ಸೇರಿ, ಕಂಬಿ ಸಿಕ್ಕೊಡನೆ ಹಿಡಿಯಿರಿ. ತಪ್ಪಿದರೆ ಸೆಣಸಬೇಡಿ, ಮುಂದಿನದನ್ನು ಹಿಡಿಯಿರಿ. ಆದರೆ ಮಾರ್ಟ್ಸಿಲಿಯ ಕೊನೆಯ ಮೆಟ್ಟಿಲು ತಪ್ಪಿಸಲೇಬಾರದು: ಕೆಳಗೆ ಶ್ವೆಲ್ಲೆನ್‌ಮೆಟ್ಟೆಲಿ ಎಂಬಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡು ಇದೆ, ಅದು ಜೀವಕ್ಕೆ ಅಪಾಯ. ಈಜು ಚೆನ್ನಾಗಿ ಬಾರದವರು ನದಿಗೆ ಇಳಿಯಲೇಬೇಡಿ. ಮಳೆಯ ನಂತರ ನೀರು ಕಂದು ಬಣ್ಣಕ್ಕೆ ತಿರುಗಿ ಮರದ ತುಂಡುಗಳು ತೇಲಿಬರುತ್ತಿದ್ದರೆ ಎಷ್ಟೇ ನುರಿತವರಾದರೂ ಅಂದು ಬೇಡ.