ಒಂದು ನಿಮಿಷದ ಫೋನು

ನಾನಿರುವುದು ಅಮೆರಿಕದ ಅರಿಝೋನಾದಲ್ಲಿ, ಚಾಂಡ್ಲರ್ ಎಂಬ ಊರಿನಲ್ಲಿ. 2021ರ ಅಕ್ಟೋಬರಿನಿಂದ ಮುಂದಿನ ಜನವರಿವರೆಗೆ ಬಿಡುವು ಸಿಕ್ಕಾಗಲೆಲ್ಲ ಒಂದೇ ಕೆಲಸ ಮಾಡಿದೆ. ನಮ್ಮ ಬೀದಿಯವರು, ಪರಿಚಯದ ಕನ್ನಡದವರು, ಇವರ ಕೈಲಿ ಸೆನೆಟರ್ ಆಫೀಸಿಗೆ ಫೋನ್ ಮಾಡಿಸುವುದು. ಮತದಾನದ ಹಕ್ಕಿನ ಎರಡು ಮಸೂದೆಗಳು ಆಗ ಇಲ್ಲಿನ ಸಂಸತ್ತಿನ ಮೇಲ್ಮನೆ, ಅಂದರೆ ಸೆನೆಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಒಂದು ಫ್ರೀಡಂ ಟು ವೋಟ್ ಆಕ್ಟ್. ಇನ್ನೊಂದಕ್ಕೆ ಜಾನ್ ಲೂಯಿಸ್ ಹೆಸರು. 1965ರಲ್ಲಿ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಸೇತುವೆ ಮೇಲೆ ಪೊಲೀಸರಿಂದ ತಲೆ ಒಡೆಸಿಕೊಂಡವರು, ಮತದಾನದ ಹಕ್ಕಿನ ಮೆರವಣಿಗೆಯಲ್ಲಿ.

ಶುರುವಿನಲ್ಲೇ ಎಡವಿದೆ. ಫ್ರೀಡಂ ಟು ವೋಟ್ ಮಸೂದೆಯಲ್ಲಿ ಏನೇನಿದೆ ಎಂದು ಒಂದು ಪುಟದ ಟಿಪ್ಪಣಿ ಬರೆದೆ. ಎರಡು ವಾರ ಮುಂಚಿತ ಮತದಾನ, ಚುನಾವಣೆ ದಿನ ರಜೆ, ಕಾರಣ ಕೇಳದೆ ಅಂಚೆ ಮತ, ಕ್ಷೇತ್ರದ ಗಡಿಯನ್ನು ಪಕ್ಷಕ್ಕೆ ಬೇಕಾದಂತೆ ಗೀಚುವುದಕ್ಕೆ ತಡೆ, ಯಾರು ದುಡ್ಡು ಸುರಿದರು ಎಂದು ಹೇಳಲೇಬೇಕಾದ ನಿಯಮ, ಎಲ್ಲ ಇತ್ತು. ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಹೆಬ್ಬೆರಳುಗಳು ಸಾಲುಸಾಲಾಗಿ ಬಂದವು. ಫೋನ್ ಮಾಡಿದವರು ಇಬ್ಬರು, ಅದರಲ್ಲಿ ಒಬ್ಬರು ನನ್ನ ಯಜಮಾನರು.

ದಾರಿ ತೋರಿಸಿದ್ದು ಪಕ್ಕದ ಬೀದಿಯ ಆಂಟಿ. ಮಗನ ಜೊತೆ ಇರಲು ಬಂದು, ಗ್ರೀನ್ ಕಾರ್ಡ್ ಮುಗಿಸಿ, ಪೌರತ್ವ ತೆಗೆದುಕೊಂಡವರು. ನನ್ನ ಟಿಪ್ಪಣಿ ಓದಿ, "ಇದೆಲ್ಲ ಸರಿ ಕಣಮ್ಮಾ, ಹೋದ ಸಲ ನನಗೆ ಬಂದ ಬ್ಯಾಲೆಟ್ ಯಾಕೆ ಅಷ್ಟು ಚಿಕ್ಕದು?" ಎಂದರು. ಪೆಟ್ಟಿಗೆಯಿಂದ ಏನೋ ಕಾಗದ ತಂದು ತೋರಿಸಿದರು. 2020ರಲ್ಲಿ ನಮಗೆಲ್ಲ ಬಂದದ್ದು ಎರಡೂ ಬದಿ ತುಂಬಿದ ಹಾಳೆ. ಆಂಟಿಗೆ ಬಂದದ್ದು ಮೂರೇ ಸಾಲು. ಅಧ್ಯಕ್ಷರು, ಸೆನೆಟರ್, ಸಂಸತ್ತಿನ ಕೆಳಮನೆಯ ಸದಸ್ಯರು, ಮುಗೀತು. ಶಾಲಾ ಮಂಡಳಿ ಇಲ್ಲ, ನ್ಯಾಯಾಧೀಶರಿಲ್ಲ.

ಆಂಟಿ ಏನೂ ತಪ್ಪು ಮಾಡಿರಲಿಲ್ಲ. ಅರಿಝೋನಾದಲ್ಲಿ 2004ರಿಂದ ಒಂದು ನಿಯಮವಿದೆ. ರಾಜ್ಯದ ಚುನಾವಣೆಗೆ ಹೆಸರು ಸೇರಿಸಬೇಕೆಂದರೆ ಪೌರತ್ವದ ದಾಖಲೆ ಬೇಕು. ಆಗ ದಾಖಲೆ ಸಿಗದಿದ್ದರೆ ಫೆಡರಲ್, ಅಂದರೆ ಇಡೀ ದೇಶದ ಸರ್ಕಾರದ, ಸ್ಥಾನಗಳಿಗೆ ಮಾತ್ರ ಮತವಿತ್ತು. ನಮ್ಮಂಥವರು ಬೀಳುವ ಹಳ್ಳ ಇಲ್ಲೇ. ಪೌರತ್ವಕ್ಕೆ ಮೊದಲು ಪಡೆದ ಡ್ರೈವಿಂಗ್ ಲೈಸೆನ್ಸ್‌ಗೆ ಸರ್ಕಾರದ ಕಡತದಲ್ಲಿ 'ಎಫ್' ಗುರುತು, ಅಂದರೆ ಹೊರದೇಶದವರು. ಅದೇ ನಂಬರ್ ಕೊಟ್ಟು ಅರ್ಜಿ ತುಂಬಿದರೆ ಪುರಾವೆಯಾಗಿ ನಡೆಯುವುದಿಲ್ಲ. ಪೌರತ್ವ ಸರ್ಟಿಫಿಕೇಟಿನ ಪ್ರತಿಯನ್ನು ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ರೆಕಾರ್ಡರ್ ಆಫೀಸಿಗೆ, ಮತದಾರರ ಪಟ್ಟಿ ನೋಡಿಕೊಳ್ಳುವವರಿಗೆ, ಕಳಿಸಿದೆವು. ಸರಿಹೋಯಿತು.

ನಿಜ ಹೇಳಬೇಕೆಂದರೆ ಆ ಎರಡು ಮಸೂದೆ ಪಾಸಾಗಿದ್ದರೂ ಆಂಟಿಯ ಈ ತೊಂದರೆ ತಾನಾಗಿ ಬಗೆಹರಿಯುತ್ತಿರಲಿಲ್ಲ. ಹಾಗಂತ ಅವರಿಗೂ ಹೇಳಿದೆ. ಆದರೆ ಅವತ್ತಿನಿಂದ ಟಿಪ್ಪಣಿ ಹಂಚುವುದನ್ನು ಬಿಟ್ಟೆ. ಯಾರ ಮನೆಗೆ ಹೋದರೂ "ನಿಮಗೆ ಮತ ಹಾಕುವಾಗ ಯಾವಾಗಲಾದರೂ ತೊಂದರೆ ಆಗಿದೆಯಾ?" ಎಂದು ಕೇಳಿ ಸುಮ್ನೆ ಕೂರುತ್ತಿದ್ದೆ. ಈ ಸುಮ್ನೆ ಕೂರುವುದು ಕಷ್ಟ. ನಾನು ಮಾತು ಜಾಸ್ತಿ.

ನಮ್ಮ ಎದುರುಮನೆಯ ಅಜ್ಜ, ಇಲ್ಲೇ ಹುಟ್ಟಿ ಬೆಳೆದವರು, 2016ರ ಮಾರ್ಚ್ 22 ನೆನಪಿಸಿಕೊಂಡರು. ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆ. 2012ರಲ್ಲಿ ನಮ್ಮ ಮರಿಕೋಪಾ ಕೌಂಟಿಯಲ್ಲಿ 200 ಮತಗಟ್ಟೆಗಳಿದ್ದವು, ಆ ಸಲ 60. ಕೊನೆಯ ಮತ ಬೀಳುವಾಗ ಮಧ್ಯರಾತ್ರಿ ದಾಟಿತ್ತು. ಅಜ್ಜ ಮಡಿಸುವ ಕುರ್ಚಿ ತಂದಿದ್ದರಂತೆ, ಮುಂದೆ ನಿಂತ ಬಸುರಿ ಹೆಂಗಸಿಗೆ ಕೊಟ್ಟು ತಾವು ನಿಂತರಂತೆ. ಮಂಡಿ ಮುಟ್ಟಿ ತೋರಿಸುತ್ತಾ ಹೇಳಿದರು.

ಇಲ್ಲಿ ನನಗೆ ಜಾನ್ ಲೂಯಿಸ್ ಮಸೂದೆಯನ್ನು ಎರಡೇ ಮಾತಲ್ಲಿ ಹೇಳಲು ಬಂತು. 1965ರ ಕಾಯ್ದೆ ಪ್ರಕಾರ, ಮತದಾನದಲ್ಲಿ ತಾರತಮ್ಯದ ಇತಿಹಾಸವಿದ್ದ ಜಾಗಗಳು ಚುನಾವಣೆಯ ನಿಯಮ ಬದಲಿಸುವ ಮೊದಲು ವಾಷಿಂಗ್ಟನ್ನಿನ ಒಪ್ಪಿಗೆ ಪಡೆಯಬೇಕಿತ್ತು. ಮತಗಟ್ಟೆ ಮುಚ್ಚುವುದಕ್ಕೂ ಅಷ್ಟೇ. ಅರಿಝೋನಾ ಇಡೀ ರಾಜ್ಯ ಆ ಪಟ್ಟಿಯಲ್ಲಿತ್ತು. 2013ರಲ್ಲಿ ಸುಪ್ರೀಂ ಕೋರ್ಟು, ಶೆಲ್ಬಿ ಕೌಂಟಿ ಪ್ರಕರಣದಲ್ಲಿ, ಪಟ್ಟಿ ಮಾಡುವ ಸೂತ್ರವನ್ನೇ ಹೊಡೆದುಹಾಕಿತು. ಮೂರು ವರ್ಷಕ್ಕೆ ಅಜ್ಜ ನಿಂತ ಈ ಸಾಲು. ಹೊಸ ಮಸೂದೆ ಹೊಸ ಸೂತ್ರ ಕೊಟ್ಟು ಆ ಕಾವಲನ್ನು ಮತ್ತೆ ನಿಲ್ಲಿಸಲು ಹೊರಟಿತ್ತು. ಅಜ್ಜ ಕೇಳಿಸಿಕೊಂಡು, ಫೋನ್ ನಂಬರ್ ಕೊಡು ಎಂದರು.

ನಂಬರ್ ಕೊಟ್ಟು ಬರಬಾರದು, ಇದು ನಾನು ಕಲಿತದ್ದು. ಪಕ್ಕದಲ್ಲೇ ಕೂತು ಮಾಡಿಸಬೇಕು. "ಆಮೇಲೆ ಮಾಡ್ತೀನಿ" ಎಂದವರಲ್ಲಿ ಮಾಡಿದವರನ್ನು ನಾನು ಕಾಣೆ. ಹೊತ್ತೂ ಮುಖ್ಯ. ಚಳಿಗಾಲದಲ್ಲಿ ವಾಷಿಂಗ್ಟನ್ ನಮಗಿಂತ ಎರಡು ಗಂಟೆ ಮುಂದೆ, ನಮ್ಮ ಮೂರಕ್ಕೆ ಅಲ್ಲಿ ಐದು. ಸಂಜೆ ಮಾಡಿದರೆ ಮೆಷಿನ್ ಜೊತೆ ಮಾತು. ಹಾಗಾಗಿ ಊಟದ ಬಿಡುವಿನಲ್ಲಿ ಮಾಡಿಸುತ್ತಿದ್ದೆ. ಎತ್ತಿಕೊಂಡವರು ಹೆಸರು, ಜಿಪ್ ಕೋಡ್ ಕೇಳುತ್ತಾರೆ, ವಿಷಯ ಬರೆದುಕೊಳ್ಳುತ್ತಾರೆ. ವಾದ ಮಾಡುವುದಿಲ್ಲ. ಒಂದು ನಿಮಿಷ ಸಾಕು. ಇಂಗ್ಲಿಷ್ ಎಡವಟ್ಟಾಗುತ್ತದೆ ಎಂದು ಅಂಜುವವರೇ ಚೆನ್ನಾಗಿ ಮಾತಾಡಿದರು, ಯಾಕೆಂದರೆ ಬರೆದುಕೊಟ್ಟದ್ದನ್ನು ಓದದೆ ತಮ್ಮ ಕತೆ ಹೇಳಿದರು. ಗ್ರೀನ್ ಕಾರ್ಡಿನವರೂ ಫೋನ್ ಮಾಡಬಹುದು. ಮತದಾರರ ಪಟ್ಟಿಗೆ ಮಾತ್ರ ಅಪ್ಪಿತಪ್ಪಿಯೂ ಸೇರಬಾರದು, ಮುಂದೆ ಪೌರತ್ವಕ್ಕೇ ಕುತ್ತು.

ಇನ್ನೊಂದು ತಪ್ಪು ತಡವಾಗಿ ಗೊತ್ತಾಯಿತು. ನಾವು ಫೋನ್ ಮಾಡುತ್ತಿದ್ದ ಸೆನೆಟರ್ ಆಗ ಕಿರ್ಸ್ಟನ್ ಸಿನೆಮಾ. (ಆಂಟಿಗೆ ಈ ಹೆಸರು ಕೇಳಿದಾಗಲೆಲ್ಲ ನಗು. "ಸಿನೆಮಾಗೆ ಫೋನ್ ಮಾಡೋದಾ, ಟಿಕೆಟ್ ಎಷ್ಟು?") ಎರಡೂ ಮಸೂದೆಗೆ ಅವರ ಬೆಂಬಲ ಮೊದಲೇ ಇತ್ತು. ನಾವು ಹದಿನೈದು ದಿನ "ದಯವಿಟ್ಟು ಬೆಂಬಲಿಸಿ" ಎಂದದ್ದು ಉಂಡವರನ್ನು ಊಟಕ್ಕೆ ಎಬ್ಬಿಸಿದ ಹಾಗಾಯಿತು. ಗಂಟು ಇದ್ದದ್ದು ಬೇರೆ ಕಡೆ. 100 ಜನರ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಜನ ಬೇಕು, ಮಸೂದೆ ತಂದ ಡೆಮಾಕ್ರಟಿಕ್ ಪಕ್ಷದ ಕಡೆ ಇದ್ದವರು 50. ಆ ನಿಯಮ ಸಡಿಲಿಸಲು ಸಿನೆಮಾ ಒಪ್ಪಿರಲಿಲ್ಲ. ಕೇಳಬೇಕಾದದ್ದು ಅದನ್ನು. ನವೆಂಬರಿನಿಂದ ಅದನ್ನೇ ಕೇಳಿಸಿದೆ.

ಸಂಕ್ರಾಂತಿಯ ಹಿಂದಿನ ದಿನ, ಜನವರಿ 13ಕ್ಕೆ, ಅವರು ಸೆನೆಟ್‌ನಲ್ಲಿ ಎದ್ದು ನಿಂತು ನಿಯಮ ಬದಲಿಸಲು ಒಪ್ಪುವುದಿಲ್ಲ ಎಂದು ಹೇಳಿಬಿಟ್ಟರು. ಮಾರನೆಯ ದಿನ ಎಳ್ಳು ಕೊಡುವ ನೆಪದಲ್ಲಿ ಏಳೆಂಟು ಮನೆಗೆ ಹೋದೆ. ಒಮಿಕ್ರಾನ್ ಕಾಲ, ಹಿತ್ತಲಲ್ಲೇ ಕೂತು ಫೋನ್ ಮಾಡಿದೆವು. 19ಕ್ಕೆ ಮತ ಆಯಿತು. ನಿಯಮ ಬದಲಾವಣೆಗೆ ಪರ 48, ವಿರೋಧ 52. ಎರಡೂ ಮಸೂದೆ ಅಲ್ಲಿಗೇ ನಿಂತವು. ಒಂದು ವಾರ ನಾನು ಯಾರ ಮನೆಗೂ ಹೋಗಲಿಲ್ಲ.

ಅದೇ ವರ್ಷ ನವೆಂಬರಿನ ಚುನಾವಣೆಗೆ ಆಂಟಿಗೆ ಪೂರ್ತಿ ಬ್ಯಾಲೆಟ್ ಬಂತು. ಅದರಲ್ಲಿ ಜನರೇ ಹೌದು-ಇಲ್ಲ ಎನ್ನಬೇಕಾದ ರಾಜ್ಯದ ಪ್ರಸ್ತಾವಗಳು ಹತ್ತು. ಒಂದು, 309, ಅಂಚೆ ಮತಕ್ಕೆ ಗುರುತಿನ ನಿಯಮ ಬಿಗಿ ಮಾಡುವುದು. ಅದು ಕೂದಲೆಳೆಯಲ್ಲಿ ಬಿತ್ತು. ಇನ್ನೊಂದು, 211, ಚುನಾವಣಾ ಪ್ರಚಾರದ ದುಡ್ಡು ಮೂಲದಲ್ಲಿ ಯಾರದ್ದು ಎಂದು ಬಯಲು ಮಾಡಬೇಕು ಎನ್ನುವುದು. ಅದಕ್ಕೆ 72 ಶೇಕಡಾ ಒಪ್ಪಿಗೆ ಸಿಕ್ಕಿತು.

ಫಲಿತಾಂಶಕ್ಕೆ ಎಷ್ಟೋ ದಿನ ಮೊದಲೇ ಆಂಟಿ ಫೋನ್ ಮಾಡಿದ್ದರು. ಹಾಳೆ ತಿರುಗಿಸುವ ಸದ್ದು ನನಗೆ ಕೇಳುತ್ತಿತ್ತು. "ಈ 211 ಅಂದ್ರೆ ನೀನು ಅವತ್ತು ಚೀಟಿಯಲ್ಲಿ ಕೊನೆಗೆ ಬರೆದಿದ್ದೆಯಲ್ಲ, ದುಡ್ಡು ಯಾರದ್ದು ಅಂತ, ಅದೇ ಅಲ್ವಾ?" ಅದೇ ಆಂಟಿ, ಎಂದೆ. "ಹಾಗಿದ್ರೆ ಅಂಕಲ್‌ಗೂ ಹೇಳ್ತೀನಿ. ಅವರು ಇನ್ನೂ ನ್ಯಾಯಾಧೀಶರ ಹೆಸರಲ್ಲೇ ಇದ್ದಾರೆ" ಎಂದು ಇಟ್ಟರು.