ಪಾರ್ಕಿಂಗ್ ದಂಡ: ರಶೀದಿಯವನನ್ನು ಬಿಟ್ಟು ನಕ್ಷೆ ಹಿಡಿದ ಮೇಲೆ

ಖಾಸಗಿ ಪಾರ್ಕಿಂಗಿನವರು ವಸೂಲು ಮಾಡಿದ ದಂಡವನ್ನು ವಕೀಲರಿಲ್ಲದೆ ವಾಪಸ್ ತರಿಸಬಹುದು, ಜತೆಗೆ ಅಲ್ಲಿ ಅಂಗವಿಕಲರ ಜಾಗವನ್ನು ಅಳತೆಗೆ ಸರಿಯಾಗಿ ಗುರುತು ಹಾಕಿಸಲೂಬಹುದು ಎಂದಾಗ ನಮ್ಮ ಉತ್ತರ ಕನ್ನಡದ ಕಡೆ ನಂಬಿದವರು ಕಡಿಮೆ. ಐನೂರು ರೂಪಾಯಿಗೋಸ್ಕರ ಇಷ್ಟು ಓಡಾಟವೇ ಎಂದವರೇ ಹೆಚ್ಚು. ಈಗ ಘಟ್ಟದ ಕೆಳಗೂ ಆಗಿದೆ, ಘಟ್ಟದ ಮೇಲೂ ಆಗಿದೆ. ನನ್ನ ಅರ್ಜಿಯ ನಮೂನೆಯನ್ನು ಹೊನ್ನಾವರ, ಯಲ್ಲಾಪುರದವರೂ ತರಿಸಿಕೊಂಡು ಬಳಸುತ್ತಿದ್ದಾರೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಟ್ಟುಕೊಂಡವರಿಗೆ, ಕಾರು ಅಥವಾ ಸೈಡ್ ವೀಲ್ ಗಾಡಿ (ಪಕ್ಕಕ್ಕೆ ಹೆಚ್ಚಿನ ಚಕ್ರ ಜೋಡಿಸಿದ ಸ್ಕೂಟರ್) ಓಡಿಸುವವರಿಗೆ, ಪಂಚಾಯತಿಯ ವಿಆರ್‌ಡಬ್ಲ್ಯೂಗಳಿಗೆ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ) ಇದನ್ನು ಬರೆಯುತ್ತಿದ್ದೇನೆ. ಕಾಯ್ದೆ ಏನು, ಅರ್ಜಿ ಹೇಗಿರುತ್ತದೆ ಎಂಬ ಮೊದಲ ಪಾಠ ಇಲ್ಲಿಲ್ಲ.

ಮೊದಲು ಸ್ಥಳದಲ್ಲಿ ಮಾಡಬೇಕಾದ್ದು. ರಶೀದಿ ಪುಸ್ತಕ ಹಿಡಿದು ನಿಂತ ಹುಡುಗನ ಜತೆ ವಾದ ಬೇಡ. ಅವನು ದಿನಗೂಲಿಯವನು, ದಂಡ ಬಿಡುವ ಅಧಿಕಾರ ಅವನಿಗಿಲ್ಲ. ಕೇಳಿದ ದಂಡವನ್ನು ಕೊಟ್ಟುಬಿಡಿ, ಆದರೆ ನಗದಾಗಿ ಬೇಡ. ಯುಪಿಐಯಲ್ಲಿ ಕೊಡಿ, ಟಿಪ್ಪಣಿಯ ಜಾಗದಲ್ಲಿ 'ಪಾರ್ಕಿಂಗ್ ದಂಡ, ಆಕ್ಷೇಪಣೆಯೊಂದಿಗೆ' ಎಂದು ಬರೆಯಿರಿ. ಬಹಳ ಕಡೆ ಆ ಕ್ಯೂಆರ್ ಕೋಡ್ ಗುತ್ತಿಗೆದಾರನ ಖಾತೆಯದ್ದಾಗಿರುವುದಿಲ್ಲ, ಯಾರದೋ ಖಾಸಗಿ ಹೆಸರಿನದ್ದಾಗಿರುತ್ತದೆ. ಪ್ರಕರಣದ ಅರ್ಧ ಬಲ ಆ ಒಂದು ಸ್ಕ್ರೀನ್‌ಶಾಟ್‌ನಲ್ಲಿದೆ. ನಂತರ ರಶೀದಿ ಕೇಳಿ, ಜಿಎಸ್‌ಟಿ ಸಂಖ್ಯೆ ಇದ್ದರೆ ನಮೂದಿಸಿ ಎನ್ನಿ. ಈ ಮಾತಿಗೇ ಕೆಲವರು ಹಣ ವಾಪಸ್ ಕೊಟ್ಟು ಕಳಿಸಿದ್ದಾರೆ. ಕೊಡದೇ ಹೋದರೆ ಅದೂ ನಮಗೆ ಒಳ್ಳೆಯದೇ: ಸೇವೆಗೆ ರಶೀದಿ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ.

ಫೋಟೊ ಹೀಗಿರಲಿ: ದರಪಟ್ಟಿ ಬೋರ್ಡ್ (ಇಲ್ಲದಿದ್ದರೆ ಖಾಲಿ ಪ್ರವೇಶದ್ವಾರ), ಬಾಗಿಲು ಪೂರ್ತಿ ತೆರೆದ ಸ್ಥಿತಿಯಲ್ಲಿ ನಿಮ್ಮ ಗಾಡಿ, ಜಾಗದ ಅಗಲಕ್ಕೆ ಅಡ್ಡ ಹಿಡಿದ ಐದು ಮೀಟರ್ ಟೇಪು, ಟೇಪಿನ ಅಂಕಿ ಓದುವಷ್ಟು ಹತ್ತಿರದ ಇನ್ನೊಂದು, ಜಾಗದಿಂದ ಕಟ್ಟಡದ ಬಾಗಿಲವರೆಗಿನ ದಾರಿ. ಜಿಪಿಎಸ್ ಮುದ್ರೆ ಬೀಳುವ ಕ್ಯಾಮೆರಾ ಆ್ಯಪ್ ಬಳಸಿ. ಮೂಲ ಚಿತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿ ಕುಗ್ಗಿಸಬೇಡಿ, ಫೋನಿನಲ್ಲೇ ಇರಲಿ. ಚಕ್ರಕ್ಕೆ ಬೀಗ ಹಾಕಿದರೆ ಮಾತ್ರ ಕಾಯುವುದು ಬೇಡ, ಕೂಡಲೇ 112. ಹೋಗುವವರನ್ನು ಹೋಗಗೊಡದೆ ತಡೆಯುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 126ರ ಅಪರಾಧ. ಒಂದು ತಿಂಗಳವರೆಗೆ ಸಾದಾ ಸಜೆ, ಇಲ್ಲವೇ ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಮೋಟಾರು ವಾಹನ ಕಾಯ್ದೆಯಡಿ ಸ್ಥಳದಲ್ಲೇ ದಂಡ ಕಟ್ಟಿಸಿಕೊಳ್ಳುವ ಅಧಿಕಾರ ಸರ್ಕಾರ ಅಧಿಸೂಚಿಸಿದ ಅಧಿಕಾರಿಗಳಿಗೆ ಮಾತ್ರ. ಖಾಸಗಿಯವರು ಶುಲ್ಕ ಕೇಳಬಹುದು, ನಷ್ಟವಾಗಿದ್ದರೆ ಪರಿಹಾರ ಕೇಳಬಹುದು. ಕರಾರು ಕಾಯ್ದೆಯ ಕಲಂ 74ರ ಪ್ರಕಾರ ಬೋರ್ಡಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು ಸಿಗುತ್ತದೆ, ಬರೆದದ್ದೆಲ್ಲ ತಾನಾಗಿ ಸಿಗುವುದಿಲ್ಲ.

ಈಗ ಸೋತ ದಾರಿಗಳು, ಏಕೆಂದರೆ ಹೆಚ್ಚಿನವರು ಇಲ್ಲೇ ಸುಸ್ತಾಗಿ ಬಿಡುತ್ತಾರೆ. ಗುತ್ತಿಗೆದಾರನಿಗೆ ಪತ್ರ ಬರೆಯುವುದು ವ್ಯರ್ಥ. ವರ್ಷ ವರ್ಷ ಹರಾಜಾಗುವ ಜಾಗದಲ್ಲಿ ಪತ್ರ ಮುಟ್ಟುವ ಹೊತ್ತಿಗೆ ಗುತ್ತಿಗೆಯೇ ಬೇರೆಯವರದ್ದು. ಠಾಣೆಯಲ್ಲಿ ಖಾಸಗಿ ಜಾಗ, ಸಿವಿಲ್ ವಿಷಯ ಎನ್ನುತ್ತಾರೆ. ಬೀಗ ಹಾಕಿದ ಪ್ರಕರಣ ಬಿಟ್ಟರೆ ಅದು ಪೂರ್ತಿ ತಪ್ಪೂ ಅಲ್ಲ. ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕೊಟ್ಟ ದೂರು ಈ ಇಲಾಖೆಗೆ ಸಂಬಂಧಿಸಿದ್ದಲ್ಲ ಎಂದು ಮುಚ್ಚಿಹೋಗುತ್ತದೆ, ದೂರಿನಲ್ಲಿ ಯಾವ ಪರವಾನಿಗೆ ಎಂಬ ಸಂಖ್ಯೆ ಇಲ್ಲದಿದ್ದರೆ. ಗ್ರಾಹಕ ಆಯೋಗದ ದೂರು ಬಿದ್ದುಹೋಗುವುದು ಒಂದೇ ಒಂದು ಶಬ್ದದಿಂದ: 'ಅನುಚಿತ ಕರಾರು' ಎಂದು ಬರೆದರೆ ಅದನ್ನು ಕೇಳುವ ಅಧಿಕಾರ ರಾಜ್ಯ ಆಯೋಗಕ್ಕೆ, ಕಾರವಾರದ ಜಿಲ್ಲಾ ಆಯೋಗಕ್ಕಲ್ಲ. 'ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ' ಎಂದೇ ಬರೆಯಬೇಕು. ವಕೀಲರೂ ಇದನ್ನು ಎಷ್ಟೋ ಸಲ ಗಮನಿಸುವುದಿಲ್ಲ.

ಫಲಿಸಿದ್ದು ನಕ್ಷೆ. ಯಾವ ವಾಣಿಜ್ಯ ಸಂಕೀರ್ಣವೇ ಇರಲಿ, ಖಾಸಗಿ ಆಸ್ಪತ್ರೆಯೇ ಇರಲಿ, ಕಟ್ಟುವಾಗ ನಗರಸಭೆಗೋ ಪಂಚಾಯತಿಗೋ ಕೊಟ್ಟ ನಕ್ಷೆಯಲ್ಲಿ ಪಾರ್ಕಿಂಗ್ ಹಾಳೆ ಇರುತ್ತದೆ. ಮಂಜೂರಾದ ಹಾಳೆಯಲ್ಲಿ ಬಾಗಿಲ ಪಕ್ಕ ಅಂಗವಿಕಲರ ಎರಡು ಜಾಗ ಅಂದವಾಗಿ ಬರೆದಿರುತ್ತದೆ. ನೆಲದ ಮೇಲೆ ಅಲ್ಲಿ ಜನರೇಟರ್, ಇಲ್ಲವೇ ಐಸ್‌ಕ್ರೀಂ ಗೂಡು. ಈ ಎರಡು ಚಿತ್ರಗಳನ್ನು ಒಂದೇ ಪುಟದಲ್ಲಿ ಪಕ್ಕಪಕ್ಕ ಅಂಟಿಸಿದರೆ ಮಾತೇ ಬೇಕಾಗುವುದಿಲ್ಲ.

ನಕ್ಷೆಗೆ ಆರ್‌ಟಿಐ, ಎಂದರೆ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಇಡೀ ಕಟ್ಟಡದ ನಕ್ಷೆ ಕೇಳಿದರೆ ಮೂರನೆಯವರ ಖಾಸಗಿ ಮಾಹಿತಿ ಎಂದು ತಿರಸ್ಕರಿಸುತ್ತಾರೆ. ಹಾಗಾಗಿ 'ಮಂಜೂರಾದ ಪಾರ್ಕಿಂಗ್ ವಿನ್ಯಾಸದ ಹಾಳೆ ಮಾತ್ರ' ಎಂದು ಬರೆಯಿರಿ. ಕಲಂ 4(1)(ಬಿ)(xiii) ಉಲ್ಲೇಖಿಸಿ: ಪರವಾನಿಗೆ ಪಡೆದವರ ವಿವರವನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು ಎಂಬ ಉಪಕಲಂ ಅದು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ. ಮೇಲ್ಮನವಿ ಬಿದ್ದ ಮೇಲೆ ಹಾಳೆ ಸಿಗುವುದೇ ಹೆಚ್ಚು. ಹರಾಜಿನ ಜಾಗವಾದರೆ ನಕ್ಷೆಯ ಬದಲು ಮೂರು ಕಾಗದ ಕೇಳಿ: ಹರಾಜಿನ ಷರತ್ತು, ದರ ನಿಗದಿ ಮಾಡಿದ ಠರಾವು, ಗುತ್ತಿಗೆಯ ಕರಾರುಪತ್ರ. ನಾನು ನೋಡಿದ ಠರಾವುಗಳಲ್ಲಿ 'ದಂಡ' ಎಂಬ ಶಬ್ದವೇ ಇರಲಿಲ್ಲ. ದರ ಮಾತ್ರ ಇತ್ತು, ಅದೂ ಬೋರ್ಡಿನಲ್ಲಿದ್ದುದಕ್ಕಿಂತ ಕಡಿಮೆ.

ಅಳತೆ ನೆನಪಿರಲಿ. ಕಟ್ಟಡಗಳ ಸುಗಮ್ಯತೆಗೆಂದು ಕೇಂದ್ರ ಹೊರಡಿಸಿದ ಸಮನ್ವಯ (ಹಾರ್ಮೊನೈಸ್ಡ್) ಮಾರ್ಗಸೂಚಿಯಂತೆ ಜಾಗ 3.6 ಮೀಟರ್ ಅಗಲ, 5 ಮೀಟರ್ ಉದ್ದ, ಬಾಗಿಲಿನಿಂದ 30 ಮೀಟರ್ ಒಳಗೆ. ಸಾಮಾನ್ಯ ಜಾಗ ಎರಡೂವರೆ ಮೀಟರ್. ಕಾರಿನ ಅಗಲವೇ ಸುಮಾರು 1.7 ಮೀಟರ್, ಎರಡೂ ಬದಿಗೆ ನಲವತ್ತು ಸೆಂಟಿಮೀಟರ್ ಉಳಿಯುತ್ತದೆ. ತೆರೆದ ಗಾಲಿಕುರ್ಚಿಯೇ ಅರವತ್ತೈದು ಸೆಂಟಿಮೀಟರ್ ಮೀರುತ್ತದೆ, ಅದನ್ನು ಬಾಗಿಲ ಪಕ್ಕ ತಂದು ನಿಲ್ಲಿಸುವುದು ಎಲ್ಲಿ? ಚಿಕ್ಕ ಜಾಗಕ್ಕೆ ನೀಲಿ ಬಣ್ಣ ಬಳಿದು ಚಿತ್ರ ಬರೆದರೆ ಆಯಿತೆನ್ನುವವರಿಗೆ ಈ ಲೆಕ್ಕವನ್ನೇ ಹೇಳುವುದು. ಎರಡು ಜಾಗ ಅಕ್ಕಪಕ್ಕ ಬಂದರೆ ನಡುವೆ 1.2 ಮೀಟರ್ ಪಟ್ಟಿ ಹಂಚಿಕೊಳ್ಳಬಹುದು, ಅಲ್ಲಿ ಸುಮಾರು ಅರ್ಧ ಸಾಮಾನ್ಯ ಜಾಗದಷ್ಟು ಉಳಿತಾಯ ಎಂದರೆ ಮಾಲೀಕರು ಬೇಗ ಒಪ್ಪುತ್ತಾರೆ. ಕಟ್ಟೆಗೆ ಹತ್ತಲು 1:12ರ ಇಳಿಜಾರು, ಎಂದರೆ ಆರು ಇಂಚಿನ ಕಟ್ಟೆಗೆ ಆರಡಿ ಉದ್ದ. ಮೂರಡಿಯಲ್ಲಿ ಮುಗಿಸಿದ ಇಳಿಜಾರನ್ನು ಒಪ್ಪಬೇಡಿ, ಅದರಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಹಾಳೆ ಕೈಗೆ ಬಂದ ಮೇಲೆ ಪತ್ರ ಮೂವರಿಗೆ: ಪರವಾನಿಗೆ ಕೊಟ್ಟ ಸ್ಥಳೀಯ ಸಂಸ್ಥೆಗೆ, ಜಾಗದ ಮಾಲೀಕರಿಗೆ, ಕಾರವಾರದ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳಿಗೆ. ಒಂದೊಂದೂ ಒಂದೂವರೆ ಪುಟ ಮೀರಬಾರದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಕಲಂ 44 (ಸುಗಮ್ಯತೆಯ ನಿಯಮ ಪಾಲಿಸದ ನಕ್ಷೆಗೆ ಪರವಾನಿಗೆಯಿಲ್ಲ, ಕಟ್ಟಡಕ್ಕೆ ಪೂರ್ಣತಾ ಪತ್ರವೂ ಇಲ್ಲ), ಕಲಂ 46 (ಖಾಸಗಿ ಸೇವೆಯವರಿಗೂ ಅನ್ವಯ), ಕಲಂ 89 (ಮೊದಲ ಸಲ ಹತ್ತು ಸಾವಿರದವರೆಗೆ, ಮತ್ತೆ ಮಾಡಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ) ಇಷ್ಟೇ ಸಾಕು. ಮಾರ್ಗಸೂಚಿ ಬರೀ ಸಲಹೆ ತಾನೇ ಎಂದು ಯಾರಾದರೂ ಹೇಳಿದರೆ, ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಹೇಳಿದ್ದನ್ನು ತೋರಿಸಿ: ಬರೀ ಸಲಹೆಯ ನಿಯಮ ಕಾಯ್ದೆಗೆ ವಿರುದ್ಧ, ಕಡ್ಡಾಯ ನಿಯಮ ಮಾಡಿ ಎಂದು. ಆದರೂ ನನ್ನ ಭಾರವೆಲ್ಲ ಮಂಜೂರಾದ ನಕ್ಷೆಯ ಮೇಲೆ. ತಾನೇ ಸಹಿ ಹಾಕಿ ಕೊಟ್ಟ ಹಾಳೆಯನ್ನು ಮಾಲೀಕ ಅಲ್ಲಗಳೆಯಲಾರ, ಮುದ್ರೆ ಒತ್ತಿದ ಕಚೇರಿಯೂ ಅಲ್ಲಗಳೆಯಲಾರದು. ಈ ಮೂರು ಪತ್ರಗಳಲ್ಲಿ ಯಾವುದು ಮೊದಲು ಹೋಗಬೇಕು, ನಡುವೆ ಎಷ್ಟು ಬಿಡುವು ಕೊಡಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಇದನ್ನು ಎದುರು ಪಕ್ಷದವರೂ ಓದುತ್ತಾರೆ. ಕೆಲಸಕ್ಕೆ ಇಳಿದವರು ಕೇಳಿದರೆ ಹೇಳುತ್ತೇನೆ.

ಪತ್ರಕ್ಕೆ ಜಗ್ಗದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು. ಶುಲ್ಕವಿಲ್ಲ, ಅವರಿಗೆ ಸಿವಿಲ್ ಕೋರ್ಟಿನಂತೆ ಸಮನ್ಸ್ ಕೊಡುವ ಅಧಿಕಾರವಿದೆ. ಅವರ ಶಿಫಾರಸಿಗೆ ಪ್ರಾಧಿಕಾರ ಮೂರು ತಿಂಗಳಲ್ಲಿ ಕ್ರಮದ ವರದಿ ಕೊಡಬೇಕು, ಒಪ್ಪದಿದ್ದರೆ ಕಾರಣ ಬರೆಯಬೇಕು. ಹಣ ವಾಪಸಿಗೆ ಮಾತ್ರ ಗ್ರಾಹಕ ಆಯೋಗ: ಐದು ಲಕ್ಷದೊಳಗಿನ ದೂರಿಗೆ ಶುಲ್ಕವಿಲ್ಲ, ಆನ್‌ಲೈನಿನಲ್ಲೇ ಹಾಕಬಹುದು, ಅವಧಿ ಎರಡು ವರ್ಷ. ಬಹಳಷ್ಟು ಅಲ್ಲಿಗೆ ಹೋಗುವ ಮೊದಲೇ ಮುಗಿದಿವೆ.

ಖರ್ಚಿನ ವಿಷಯ. ಪೋಸ್ಟಲ್ ಆರ್ಡರ್, ನಕಲು ಪುಟಕ್ಕೆ ಎರಡು ರೂಪಾಯಿ, ದೊಡ್ಡ ಹಾಳೆಯ ನಕಲಿಗೆ ಸುಮಾರು ನೂರೈವತ್ತು, ಬಣ್ಣದ ಪ್ರಿಂಟು, ಮೂರು ಸ್ಪೀಡ್ ಪೋಸ್ಟ್. ಒಟ್ಟು ನಾನೂರರಿಂದ ಆರುನೂರರೊಳಗೆ ಆಗುತ್ತದೆ. ಈ ಖರ್ಚನ್ನೂ ಪತ್ರದಲ್ಲಿ ಲೆಕ್ಕ ಹಾಕಿ ಕೇಳಿ, ದಂಡದ ಜತೆ ಕೊಟ್ಟವರಿದ್ದಾರೆ. ವಕೀಲರ ನೋಟಿಸಿಗೆ ನಮ್ಮ ಕಡೆ ಒಂದೂವರೆ ಎರಡು ಸಾವಿರ, ಅದರಿಂದ ಹೆಚ್ಚಿನ ಫಲ ಕಂಡಿಲ್ಲ.

ಮಾಲೀಕರು ಒಪ್ಪಿದ ಮೇಲೂ ಕೆಲಸ ಕೆಡುವುದು ಬಣ್ಣದಲ್ಲಿ. ನಮ್ಮ ಮಳೆಗೆ ಸಾಮಾನ್ಯ ಎನಾಮಲ್ ಒಂದು ಮಳೆಗಾಲ ತಾಳುವುದಿಲ್ಲ. ಇಂಟರ್‌ಲಾಕ್ ಮೇಲೆ ಪಾಚಿ ಹಿಡಿದರೆ ಬಣ್ಣ ಪಾಚಿಗೆ ಅಂಟುತ್ತದೆ, ಕಲ್ಲಿಗಲ್ಲ. ತಂತಿ ಬ್ರಷ್‌ನಲ್ಲಿ ತಿಕ್ಕಿ, ಬ್ಲೀಚಿಂಗ್ ನೀರು ಹಾಕಿ, ಎರಡು ದಿನ ಬಿಸಿಲಿಗೆ ಒಣಗಿಸಿಯೇ ಬಳಿಯಬೇಕು. ದೀಪಾವಳಿಯ ನಂತರ ಸರಿಯಾದ ಕಾಲ. ನಾಲ್ಕಿಂಚು ಗೆರೆ, ಚಿತ್ರ, ಪಟ್ಟಿ ಸೇರಿ ಎರಡು ಕೋಟ್‌ಗೆ ರಸ್ತೆ ಗುರುತಿನ ಬಿಳಿ ಬಣ್ಣ ಒಂದು ಲೀಟರ್ ಸಾಕು. ಇಡೀ ಜಾಗವನ್ನು ನೀಲಿ ಮಾಡಿಸಿ ನೋಡಿದೆವು: ಹದಿನೆಂಟು ಚದರ ಮೀಟರ್, ನಾಲ್ಕು ಲೀಟರ್ ಕುಡಿಯಿತು, ಮಳೆ ಬಿದ್ದರೆ ಊರುಗೋಲು ಜಾರುತ್ತದೆ. ಹಸಿ ಬಣ್ಣದ ಮೇಲೆ ಜರಡಿ ಹಿಡಿದ ಒಣ ಮರಳು ಉದುರಿಸಿದ ಮೇಲೆ ಜಾರುವುದು ನಿಂತಿತು. ಆದರೂ ಈಗ ಚಿತ್ರದ ಹಿಂದೆ ಮಾತ್ರ ನೀಲಿ ಚೌಕ ಬರೆಸುತ್ತೇನೆ. ಥರ್ಮೋಪ್ಲಾಸ್ಟಿಕ್ (ಕರಗಿಸಿ ಹಾಕುವ ರಸ್ತೆ ಗುರುತಿನ ಬಣ್ಣ) ಎಲ್ಲಕ್ಕಿಂತ ಗಟ್ಟಿ, ಆದರೆ ಒಂದು ಜಾಗಕ್ಕೆಂದು ಯಂತ್ರ ತರಿಸಲಾಗದು. ಊರಿನ ಡಾಂಬರು ರಸ್ತೆಗೆ ಪಟ್ಟಿ ಹಾಕಲು ಬಂದವರನ್ನು ಅದೇ ದಿನ ಕೇಳಿದರೆ ಮಾಡಿಕೊಡುತ್ತಾರೆ. ನೆಲದ ಚಿತ್ರವೊಂದನ್ನೇ ನಂಬಬೇಡಿ, ನಿಂತ ಕಾರಿನ ಮೇಲಿಂದ ಕಾಣುವ ಎತ್ತರಕ್ಕೆ ಕಂಬದ ಬೋರ್ಡೂ ಬೇಕು.

ಜಾಗ ಕಾಯಲು ಸರಪಳಿ ಕಟ್ಟಿಸಿದ್ದೂ ಉಂಟು. ಬೀಗದ ಕೈ ಯಾರ ಹತ್ತಿರ ಎಂದು ಹುಡುಕುವುದೇ ಕೆಲಸವಾಯಿತು, ತೆಗೆಸಿದೆವು. ಪ್ಲಾಸ್ಟಿಕ್ ಕೋನ್ ಇಟ್ಟರೆ ಕಾರಿನಿಂದ ಇಳಿದು ಅದನ್ನು ಸರಿಸುವವರು ಯಾರು? ಎದುರಿನ ರಿಕ್ಷಾ ಸ್ಟ್ಯಾಂಡಿನವರಿಗೆ ಹೇಳಿ ಇಟ್ಟದ್ದು ಮಾತ್ರ ಚೆನ್ನಾಗಿ ನಡೆಯುತ್ತಿದೆ, ಅವರ ಕಣ್ಣು ತಪ್ಪಿಸಿ ಅಲ್ಲಿ ಯಾರೂ ಗಾಡಿ ಇಡುವುದಿಲ್ಲ.

ಸೈಡ್ ವೀಲ್ ಗಾಡಿಯವರ ತೊಂದರೆ ಬೇರೆ. ನಾಲ್ಕು ಚಕ್ರ ಎಂದು ಕಾರಿನ ದರ ಹಾಕುತ್ತಾರೆ, ಬೈಕಿನ ಸಾಲಿನಲ್ಲಿ ಅದು ಹಿಡಿಯುವುದೂ ಇಲ್ಲ. ಆರ್‌ಸಿಯಲ್ಲಿ ಅಂಗವಿಕಲರ ವಾಹನವೆಂದು ನಮೂದಾಗಿದ್ದರೆ ಅದನ್ನೇ ತೋರಿಸಿ, ಡಿಜಿಲಾಕರ್ ಪ್ರತಿಯೂ ನಡೆಯುತ್ತದೆ. 2020ರ ತಿದ್ದುಪಡಿಯ ನಂತರ ನೋಂದಣಿಯಲ್ಲಿ ಮಾಲೀಕತ್ವ 'ದಿವ್ಯಾಂಗಜನ' ಎಂದು ದಾಖಲಾಗಲು ಅವಕಾಶವಿದೆ. ಹಳೆಯ ಗಾಡಿಯವರು ಆರ್‌ಟಿಒದಲ್ಲಿ ವಿಚಾರಿಸಿ. ಬ್ರಿಟನ್ನಿನ ಬ್ಲೂ ಬ್ಯಾಜ್‌ನಂಥ ದೇಶಕ್ಕೆಲ್ಲ ಒಂದೇ ಪರವಾನಿಗೆ ನಮ್ಮಲ್ಲಿಲ್ಲ. ಅಂಗಡಿಯಲ್ಲಿ ಸಿಗುವ ಗಾಲಿಕುರ್ಚಿ ಸ್ಟಿಕ್ಕರಿಗೆ ಯಾವ ಬೆಲೆಯೂ ಇಲ್ಲ, ಯುಡಿಐಡಿ ಕಾರ್ಡೇ ದಾಖಲೆ. ಅದರ ಬಣ್ಣವನ್ನೂ ಕಾವಲಿನವರಿಗೆ ತಿಳಿಸಿಕೊಡಿ: ಹಳದಿ ಶೇ 40ರಿಂದ, ನೀಲಿ ಶೇ 80ರಿಂದ ಮೇಲೆ. ಅಂಗವಿಕಲರಿಗೆ ಮೀಸಲಾದ ಸೌಲಭ್ಯವನ್ನು ಮೋಸದಿಂದ ಪಡೆದರೆ ಅದೇ 2016ರ ಕಾಯ್ದೆಯ ಕಲಂ 91ರಡಿ ಎರಡು ವರ್ಷದವರೆಗೆ ಸಜೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದನ್ನು ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿ ಬರೆಸಿದ ಕಡೆ ಸ್ಟಿಕ್ಕರ್ ಕಾರುಗಳು ಕಡಿಮೆಯಾಗಿವೆ.

ಗೋಕರ್ಣ, ಮುರ್ಡೇಶ್ವರದ ಕಡಲದಂಡೆಗಳಲ್ಲಿ ಗದ್ದೆ, ತೋಟ ತೆರವು ಮಾಡಿ ನಡೆಸುವ ಪಾರ್ಕಿಂಗಿಗೆ ಮಂಜೂರಾದ ನಕ್ಷೆಯೇ ಇರುವುದಿಲ್ಲ. ಅಲ್ಲಿ ಠರಾವಿನ ಪ್ರತಿ, ಪರವಾನಿಗೆ ಇದೆಯೋ ಇಲ್ಲವೋ ಎಂಬ ಪಂಚಾಯತಿಯ ಲಿಖಿತ ಉತ್ತರ, ಇವೆರಡೇ ಆಧಾರ. ಪರವಾನಿಗೆ ಇಲ್ಲ ಎಂಬ ಉತ್ತರ ಬಂದರೆ ದಂಡದ ಮಾತೇ ಏಳುವುದಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ತಾತ್ಕಾಲಿಕ ಪಾರ್ಕಿಂಗಿನ ಷರತ್ತು ಹರಾಜಿಗೆ ಮೊದಲೇ ಸಿದ್ಧವಾಗುತ್ತದೆ. ಹರಾಜಾದ ಮೇಲೆ ಕೊಟ್ಟ ಮನವಿ ಉಪಯೋಗಕ್ಕಿಲ್ಲ. ಜಾತ್ರೆಗೆ ಮೂರು ತಿಂಗಳಿರುವಾಗಲೇ ನಗರಸಭೆಗೆ ಮತ್ತು ಉಪವಿಭಾಗಾಧಿಕಾರಿಗಳಿಗೆ ಮನವಿ ಕೊಟ್ಟು, ಪ್ರತಿ ಪಾರ್ಕಿಂಗ್ ಮೈದಾನದ ಬಾಗಿಲಲ್ಲಿ 3.6 ಮೀಟರಿನ ಜಾಗಗಳು, ಗಟ್ಟಿ ನೆಲ, ಅಂಗವಿಕಲರ ವಾಹನಕ್ಕೆ ಶುಲ್ಕ ವಿನಾಯಿತಿ, ಇವು ಷರತ್ತಿನಲ್ಲೇ ಅಚ್ಚಾಗಬೇಕು ಎಂದು ಕೇಳಿ, ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.