ಡಿಜಿಟಲ್ ರೇಡಿಯೊ ಕೊಳ್ಳುವ ಮುಂಚೆ ಡಬ್ಬದ ಮೇಲೆ ಓದಿ

ವಿದೇಶದಲ್ಲಿರುವ ಮಕ್ಕಳ ಕೈಲಿ ಡಿಜಿಟಲ್ ರೇಡಿಯೊ ತರಿಸುವವರು ಗಮನಿಸಿ. ಡಬ್ಬದ ಮೇಲೆ ಡಿಎಬಿ ಎಂದಿದ್ದರೆ ಅದು ಬ್ರಿಟನ್, ಜರ್ಮನಿ ಕಡೆಯ ಪದ್ಧತಿ. ಮೈಸೂರಲ್ಲಿ ಅದರ ಎಫ್‌ಎಂ ಮಾತ್ರ ಕೇಳಿಸುತ್ತೆ, ಮಿಕ್ಕಿದ್ದು ದಂಡ. ಆಕಾಶವಾಣಿ ಆರಿಸಿಕೊಂಡಿರುವುದು ಡಿಆರ್‌ಎಂ ಎಂಬ ಬೇರೆ ಡಿಜಿಟಲ್ ಪದ್ಧತಿ, ಅದೂ ಹೆಚ್ಚಾಗಿ ಮಧ್ಯಮ ತರಂಗದಲ್ಲಿ (ಮೀಡಿಯಂ ವೇವ್).

ಡಿಆರ್‌ಎಂ ಸೆಟ್ಟೇ ಬೇಕೆಂದರೆ ವಾಪಸ್ ಕೊಡುವ ಮಾತಾಡಿಕೊಂಡು ತನ್ನಿ, ಮನೆಯಲ್ಲೇ ಹಾಕಿ ನೋಡಿ. ಸಿಗ್ನಲ್ ಇಳಿದರೆ ಹಳೇ ರೇಡಿಯೊ ಗೊರಗೊರ ಅಂದುಕೊಂಡಾದರೂ ಹಾಡುತ್ತೆ; ಡಿಆರ್‌ಎಂ ಸೆಟ್ಟು ಮೊದಲು ತುಂಡು ತುಂಡಾಗಿ, ಆಮೇಲೆ ಪೂರ್ತಿ ಮೂಕ. ಎಷ್ಟೋ ಸಲ ತಪ್ಪು ಸೆಟ್ಟಿನದಲ್ಲ, ಪಕ್ಕದ ಎಲ್‌ಇಡಿ ಬಲ್ಬು, ಚಾರ್ಜರ್, ಯುಪಿಎಸ್ಸಿನದು. ಒಂದೊಂದಾಗಿ ಆರಿಸಿ ನೋಡಿ, ಸೆಟ್ಟನ್ನು ಕಿಟಕಿ ಹತ್ತಿರ ಇಡಿ. ಮಧ್ಯಮ ತರಂಗದ ಆಂಟೆನಾ ಸಾಮಾನ್ಯವಾಗಿ ಸೆಟ್ಟಿನೊಳಗಿರುವ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿ. ಹಾಗಾಗಿ ಹೊರಗಿನ ಕಡ್ಡಿ ಎಳೆದು ಉಪಯೋಗವಿಲ್ಲ, ಸೆಟ್ಟನ್ನೇ ನಿಧಾನವಾಗಿ ತಿರುಗಿಸಿ.

ಮನೇಲಿ ವೈಫೈ ಇದ್ದರೆ ಆಕಾಶವಾಣಿ ಕೇಳಿಸುವ ನ್ಯೂಸ್‌ಆನ್‌ಏರ್ ಆ್ಯಪ್ ಸಾಕು. ಮೊಬೈಲ್ ಡೇಟಾ ಆದರೆ ಲೆಕ್ಕ ಹಾಕಿ: 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಪ್ರಸಾರಕ್ಕೆ ಗಂಟೆಗೆ ಸುಮಾರು 29 ಎಂಬಿ, ದಿನಾ 3 ಗಂಟೆ ಕೇಳಿದರೆ ತಿಂಗಳಿಗೆ 2.6 ಜಿಬಿ. ಆ್ಯಪಿನ ಧ್ವನಿ ತಡವಾಗಿ ಬರುತ್ತೆ, ಅದನ್ನು ನಂಬಿ ಗಡಿಯಾರ ಸರಿಮಾಡಬೇಡಿ.

ಮೈಸೂರು ಆಕಾಶವಾಣಿಯ 100.6 ಒಂದೇ ಸಾಕೆನ್ನುವವರಿಗೆ ಸಾದಾ ಎಫ್‌ಎಂ ಸೆಟ್ಟೇ ಲೇಸು. ಕಡ್ಡಿಯನ್ನು ಸುಮಾರು 75 ಸೆಂ.ಮೀ. ಎಳೆಯಿರಿ, ಆ ಅಲೆಯ ಕಾಲುಭಾಗ ಅಷ್ಟೇ ಉದ್ದ.